ಈ ಕೈ ಈಗಷ್ಟೇ ಏನು ಮುಟ್ಟಿತ್ತು?

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ಹಿಂದಿನ ದಿನ ನಾನು ನೆಲ ಒರೆಸಿದೆ. ಎರಡು ಸಲ. ಮೂಗಿಗೆ ಹೊಡೆಯುವಷ್ಟು ಘಾಟಿನ ಲಿಕ್ವಿಡ್ ಹಾಕಿ, ಮಂಚ ಎಳೆದು, ಮೂಲೆ ಮೂಲೆಗೂ ಬಟ್ಟೆ ತೂರಿಸಿ ಒರೆಸಿದೆ. ಪರದೆ ಒಗೆದು ಹಾಕಿದೆವು. ಮೇಜಿನ ಮೇಲೆ ಎರಡು ಡಬ್ಬಿ ಗ್ಲೌಸ್, ಒಂದು ಡಬ್ಬಿ ಮಾಸ್ಕ್, ಸಾಲಾಗಿ ನಾಲ್ಕು ಸ್ಯಾನಿಟೈಸರ್ ಬಾಟಲಿ. ಕೋಣೆ ಸಣ್ಣ ಐಸಿಯು ಥರ ಕಾಣುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಒಂಬತ್ತನೇ ದಿನಕ್ಕೆ ಅಪ್ಪನಿಗೆ ಇನ್‌ಫೆಕ್ಷನ್ ಆಯಿತು. ನೆಲದಿಂದ ಬಂದಿದ್ದಲ್ಲ ಅದು.

ಅಪ್ಪನಿಗೆ ಎಪ್ಪತ್ತೆಂಟು. ಗಣಿತದ ಮೇಷ್ಟ್ರಾಗಿ ರಿಟೈರ್ ಆದವರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಗಿತ್ತು. ಆಮೇಲೆ ಮೂತ್ರ ಕಟ್ಟಿಕೊಂಡಿತು. ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ಮೊದಲೇ ದೊಡ್ಡದಾಗಿತ್ತಂತೆ. ಹಾಗಾಗಿ ಕ್ಯಾತಿಟರ್, ಅಂದರೆ ಮೂತ್ರದ ಪೈಪ್, ಹಾಕಿಯೇ ಮನೆಗೆ ಕಳಿಸಿದರು. ತೊಡೆಯ ಪಕ್ಕ ಒಂದು ಗೇಣುದ್ದದ ಹೊಲಿಗೆ. ಸಕ್ಕರೆ ಕಾಯಿಲೆ ಇರುವುದರಿಂದ ದಿನಕ್ಕೆ ಎರಡು ಸಲ ಇನ್ಸುಲಿನ್. ಪೈಪು, ಗಾಯ, ಸೂಜಿ. ರೋಗಾಣು ಒಳಗೆ ಬರೋದಕ್ಕೆ ಮೂರು ಬಾಗಿಲು ತೆರೆದಿದ್ದವು. ನಾನು ಮಾತ್ರ ನೆಲ ಒರೆಸುತ್ತಿದ್ದೆ.

ಡಿಸ್ಚಾರ್ಜ್ ದಿನ ವಾರ್ಡಿನ ಸಿಸ್ಟರ್ ಒಬ್ಬರು ಯೂರಿನ್ ಬ್ಯಾಗ್ ಖಾಲಿ ಮಾಡೋದು ಹೇಗೆ ಅಂತ ತೋರಿಸಿದ್ದರು. ಎರಡು ನಿಮಿಷ ಅಷ್ಟೇ. ನನ್ನ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಮಾತ್ರೆಗಳ ಕವರ್. ಹೂಂ ಹೂಂ ಅಂದು ಬಂದಿದ್ದೆ. ಆ ಎರಡು ನಿಮಿಷ ಫೋನಲ್ಲಿ ವಿಡಿಯೊ ಮಾಡಿಕೊಂಡಿದ್ದರೆ ಎಷ್ಟೋ ಉಳಿಯುತ್ತಿತ್ತು.

ಒಂಬತ್ತನೇ ದಿನ ಸಂಜೆ ಅಪ್ಪ ನನ್ನನ್ನು ನೋಡಿ, "ಬೆಲ್ ಆಯ್ತೇನೋ? ಹುಡುಗರೆಲ್ಲ ಎಲ್ಲಿ?" ಅಂದರು. ನಿದ್ದೆಗಣ್ಣಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಪ್ರಶ್ನೆ. ಈ ಸಲ ಸ್ವಲ್ಪ ಸಿಟ್ಟಲ್ಲಿ. ಜ್ವರ ನೋಡಿದರೆ 37.9 ಡಿಗ್ರಿ. ಅಂಥಾ ಜಾಸ್ತಿ ಏನಲ್ಲ. ಬ್ಯಾಗಿನಲ್ಲಿ ಮೂತ್ರ ಎರಡು ದಿನದಿಂದ ಕದಡಿದ ಹಾಗಿತ್ತು. ನೀರು ಕಡಿಮೆ ಕುಡಿದಿರಬೇಕು ಅಂತ ನಾನೇ ತೀರ್ಪು ಕೊಟ್ಟುಬಿಟ್ಟಿದ್ದೆ. "ರೀ, ಮಾವ ಹೀಗೆಲ್ಲ ಮಾತಾಡೋರಲ್ಲ, ನಡೀರಿ ಹೋಗೋಣ" ಅಂತ ನನ್ನ ಹೆಂಡತಿ ಹಠ ಹಿಡಿಯದೇ ಇದ್ದಿದ್ದರೆ ಬೆಳಗಿನವರೆಗೂ ಕಾಯುತ್ತಿದ್ದೆನೇನೋ.

ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಜೋರಾಗಿ ಏರದೇ ಇರಬಹುದು, ಇದ್ದಕ್ಕಿದ್ದಂತೆ ಮಾತು ತಪ್ಪಿದರೆ, ಮಂಕಾದರೆ ತಡ ಮಾಡದೆ ಬರಬೇಕು ಅಂದರು ಡಾಕ್ಟರು. ಮೂತ್ರದ ಸೋಂಕು. ಪೈಪ್ ಹಾಕಿ ಎರಡು ವಾರ ದಾಟಿತ್ತು, ಬದಲಾಯಿಸಿದರು. ಯಾವ ಬ್ಯಾಕ್ಟೀರಿಯಾ ಅಂತ ನೋಡಲು ಮೂತ್ರ ಕಲ್ಚರ್‌ಗೆ ಹೋಯಿತು, ಆಂಟಿಬಯಾಟಿಕ್ ಶುರುವಾಯಿತು. ನಾನು ಮುಖ ಸಣ್ಣಗೆ ಮಾಡಿಕೊಂಡು, "ನನ್ನಿಂದ ಆಯ್ತಾ ಡಾಕ್ಟ್ರೇ?" ಅಂತ ಕೇಳಿದೆ. ಅವರು ನೇರವಾಗಿ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಪೈಪ್ ಒಳಗಿರುವ ಪ್ರತಿ ದಿನವೂ ಮೂತ್ರಕ್ಕೆ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇ. 3ರಿಂದ 7ರಷ್ಟು ಇರುತ್ತದಂತೆ. ಬ್ಯಾಕ್ಟೀರಿಯಾ ಸೇರಿದ ತಕ್ಷಣ ಕಾಯಿಲೆ ಅಂತ ಅಲ್ಲ, ಸುಮ್ನೆ ಅದಕ್ಕೇ ಆಂಟಿಬಯಾಟಿಕ್ ಕೊಡುವುದೂ ಇಲ್ಲ. ಆದರೆ ದಿನ ಹೆಚ್ಚಾದಷ್ಟೂ ಅಪಾಯ ಹೆಚ್ಚು. "ಪ್ರತಿ ಸಲ ಬಂದಾಗಲೂ ನನ್ನನ್ನ ಒಂದು ಪ್ರಶ್ನೆ ಕೇಳಿ. ಈ ಪೈಪ್ ಇನ್ನೂ ಬೇಕಾ ಅಂತ" ಅಂದರು. ನಾನು ಅಲ್ಲಿವರೆಗೆ ಪೈಪನ್ನು ಚೆನ್ನಾಗಿ ನೋಡಿಕೊಳ್ಳೋದು ಹೇಗೆ ಅಂತ ಮಾತ್ರ ಯೋಚಿಸಿದ್ದೆ. ಅದು ಇಲ್ಲದಿರೋದೇ ಎಲ್ಲಕ್ಕಿಂತ ಒಳ್ಳೆಯದು ಅಂತ ಹೊಳೆದಿರಲಿಲ್ಲ.

ಅಪ್ಪ ವಾಪಸ್ ಬಂದ ಮೇಲೆ ಮೂರು ದಿನಕ್ಕೊಮ್ಮೆ ಮನೆಗೇ ಒಬ್ಬರು ಸಿಸ್ಟರ್ ಬರುವ ಹಾಗೆ ಮಾಡಿಕೊಂಡೆವು. ಮೊದಲ ದಿನ ಅವರು ಏನನ್ನೂ ಹೇಳಿಕೊಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಬ್ಯಾಗ್ ಖಾಲಿ ಮಾಡಿ. ನಾನು ನೋಡ್ತೀನಿ" ಅಂದರು.

ಪರೀಕ್ಷೆಗೆ ಕೂತ ಹುಡುಗನ ಹಾಗೆ ಶುರು ಮಾಡಿದೆ. ಸೋಪು ಹಾಕಿ ಇಪ್ಪತ್ತು ಎಣಿಸಿ ಕೈ ತೊಳೆದೆ. ಗ್ಲೌಸ್ ಹಾಕಿಕೊಂಡೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ಗುಯ್ ಅಂತು, ಯಾರು ಅಂತ ನೋಡಿ ಕಟ್ ಮಾಡಿದೆ. ಕನ್ನಡಕ ಜಾರಿತ್ತು, ಮೇಲೆ ಏರಿಸಿದೆ. ಮಂಚದ ಕಂಬಿ ಇಳಿಸಿದೆ. ಮಗ್ ಇಟ್ಟು ಬ್ಯಾಗಿನ ನಲ್ಲಿ ತಿರುಗಿಸಿದೆ. ಅದರ ಮೂತಿ ಮಗ್ಗಿನ ಅಂಚಿಗೆ ತಾಗಿಕೊಂಡೇ ಇತ್ತು. ಮುಚ್ಚಿ, ಅದೇ ಗ್ಲೌಸಿನಲ್ಲಿ ಅಪ್ಪನ ಹೊದಿಕೆ ಸರಿ ಮಾಡಿದೆ.

"ಈ ಕೈ ಈಗಷ್ಟೇ ಏನೇನು ಮುಟ್ಟಿತ್ತು, ಹೇಳಿ ನೋಡೋಣ?" ಅಂದರು ಸಿಸ್ಟರ್.

ಎಣಿಸಿದೆ. ಫೋನು, ಕನ್ನಡಕ, ಕಂಬಿ, ನಲ್ಲಿ, ಹೊದಿಕೆ.

"ಆದ್ರೆ ಗ್ಲೌಸ್ ಹಾಕ್ಕೊಂಡಿದ್ನಲ್ಲ ಸಿಸ್ಟರ್."

"ಹೌದು. ಗ್ಲೌಸ್ ನಿಮ್ಮನ್ನ ಕಾಪಾಡ್ತು. ತಾತನ್ನ ಯಾರು ಕಾಪಾಡೋರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಮಲಗಿದ್ದಲ್ಲೇ ನಗುತ್ತಿದ್ದರು. ಅವರ ನಲವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಎಷ್ಟು ಹುಡುಗರನ್ನು ನೋಡಿದ್ದರೋ.

ಆಮೇಲೆ ಸಿಸ್ಟರ್ ಮಾಡಿ ತೋರಿಸಿದರು. ಮೊದಲು ಬೇಕಾದದ್ದೆಲ್ಲ ಕೈಗೆ ಸಿಗುವ ಹಾಗೆ ಜೋಡಿಸಿಟ್ಟುಕೊಂಡರು. ಕಂಬಿ ಇಳಿಸುವುದು, ಹೊದಿಕೆ ಸರಿಸುವುದು ಎಲ್ಲ ಮುಗಿಸಿ, ಆಮೇಲೆ ಕೈ ತೊಳೆದರು. ಅಂದರೆ ಕೈ ತೊಳೆಯುವುದು ಕೆಲಸದ ಶುರುವಲ್ಲ, ಪೈಪ್ ಮುಟ್ಟುವುದಕ್ಕೆ ಮುಂಚಿನ ಕೊನೆಯ ಕೆಲಸ. ನಾನು ಮಾಡುತ್ತಿದ್ದುದು ಸರಿಯಾಗಿ ತಿರುಗಾಮುರುಗಾ. ಗ್ಲೌಸ್ ಹಾಕಿ, ನಲ್ಲಿಯ ಮೂತಿಯನ್ನು ಸ್ಪಿರಿಟ್ ಸ್ವಾಬಿನಿಂದ ಒರೆಸಿ, ಮಗ್ಗಿಗೆ ತಾಗದ ಹಾಗೆ ಹಿಡಿದು ಖಾಲಿ ಮಾಡಿದರು, ಮತ್ತೆ ಒರೆಸಿ ಮುಚ್ಚಿದರು. ಗ್ಲೌಸ್ ತೆಗೆದು ಮತ್ತೆ ಕೈ ತೊಳೆದರು. ಬ್ಯಾಗ್ ಮೂರರಲ್ಲಿ ಎರಡು ಪಾಲು ತುಂಬುವುದರೊಳಗೆ ಖಾಲಿ ಮಾಡಬೇಕು. ಆ ಮಗ್ ಅದೊಂದಕ್ಕೇ ಮೀಸಲು. ಪೈಪ್ ಮತ್ತು ಬ್ಯಾಗ್ ಸೇರುವ ಕಡೆ ಸುಮ್ನೆ ಸುಮ್ನೆ ಬಿಚ್ಚಲೇಬಾರದು. ಪೈಪ್ ಹೊರಬರುವ ಜಾಗವನ್ನು ದಿನಕ್ಕೊಮ್ಮೆ ಸೋಪು ನೀರಿನಿಂದ ತೊಳೆದರೆ ಸಾಕು, ಡೆಟಾಲ್ ಪಟಾಲ್ ಏನೂ ಬೇಡ. ಮುಂದೊಗಲು ಹಿಂದೆ ಸರಿಸಿ ತೊಳೆದರೆ ಮರೆಯದೆ ಮತ್ತೆ ಮುಂದಕ್ಕೆ ತರಬೇಕು, ಇಲ್ಲದಿದ್ದರೆ ಬಾತುಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಹೇಳುವಾಗ ನಾನೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ ಬಿಡಿ.

ಇನ್ನೊಂದು ತಪ್ಪು ಅವತ್ತೇ ಸಿಕ್ಕಿಬಿತ್ತು. ಅಪ್ಪನನ್ನು ಗಾಲಿ ಕುರ್ಚಿಗೆ ಕೂರಿಸುವಾಗ ಬ್ಯಾಗನ್ನು ಎಲ್ಲಿಡೋದು ಅಂತ ತೋಚದೆ ಅವರ ಮಡಿಲಲ್ಲೇ ಇಡುತ್ತಿದ್ದೆ. ಅನುಕೂಲ ಅಲ್ವಾ ಅಂತ. ಸಿಸ್ಟರ್ ಓಡಿ ಬಂದು ಕೆಳಗಿಳಿಸಿದರು. ಬ್ಯಾಗ್ ಮೂತ್ರಕೋಶಕ್ಕಿಂತ ಮೇಲೆ ಹೋದರೆ ಗಂಟೆಗಟ್ಟಲೆ ಹೊರಗೆ ನಿಂತ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗಬಾರದು. ನಾನು ಅಷ್ಟು ಉಜ್ಜಿ ಒರೆಸಿದ ನೆಲಕ್ಕೂ.

ಕೈ ತೊಳೆಯುವುದು ನನಗೆ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಅಂಗೈಗೆ ಅಂಗೈ ಉಜ್ಜುತ್ತಾ ಇಪ್ಪತ್ತು ಎಣಿಸುತ್ತಿದ್ದೆ, ಅಷ್ಟೇ. ಬಿಟ್ಟುಹೋಗುತ್ತಿದ್ದುದು ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ. ಪೈಪ್ ಹಿಡಿಯುವುದು ಇವೇ ಅಲ್ವಾ? ಉಂಗುರ ತೆಗೆದಿಟ್ಟೆ, ಉಗುರು ಸಣ್ಣಗೆ ಕತ್ತರಿಸಿದೆ. ತೊಳೆದ ಮೇಲೆ ಪೂರ್ತಿ ಒಣಗಿಸಿಕೊಳ್ಳಬೇಕು, ಒದ್ದೆ ಕೈಗೆ ರೋಗಾಣು ಬೇಗ ಅಂಟುತ್ತವೆ, ಬೇಗ ದಾಟುತ್ತವೆ. ಮನೆಯವರೆಲ್ಲ ಕೈ ಒರೆಸುತ್ತಿದ್ದ ಒಂದೇ ಟವೆಲ್ ಅವತ್ತೇ ಹೋಯಿತು. ಸ್ಯಾನಿಟೈಸರ್ ಆದರೆ ಶೇ. 60ಕ್ಕಿಂತ ಕಡಿಮೆ ಆಲ್ಕೋಹಾಲ್ ಇರಬಾರದು, ಕೈ ತಾನಾಗಿ ಒಣಗುವ ತನಕ ಉಜ್ಜಬೇಕು. ನಮ್ಮ ನಾಲ್ಕು ಬಾಟಲಿಯಲ್ಲಿ ಒಂದರ ಮೇಲೆ ಆಲ್ಕೋಹಾಲ್ ಎಷ್ಟಿದೆ ಅಂತ ಬರೆದೇ ಇರಲಿಲ್ಲ, ಹೂವಿನ ಚಿತ್ರ ಮಾತ್ರ ಇತ್ತು.

ಗ್ಲೌಸ್ ತೆಗೆಯುವುದನ್ನು ಕಲಿಸಿದ್ದು ಮಾತ್ರ ನನ್ನ ಏಳು ವರ್ಷದ ಮಗಳು. ಅಂದರೆ ಅವಳ ಪೇಂಟ್ ಡಬ್ಬಿ. ಸಿಸ್ಟರ್ ಹೇಳಿದ್ದರು, ಗ್ಲೌಸ್ ಮೇಲೆ ಬಣ್ಣ ಹಚ್ಚಿಕೊಂಡು ತೆಗೆದು ನೋಡಿ, ಆಗ ಗೊತ್ತಾಗುತ್ತೆ ಅಂತ. ರಾತ್ರಿ ಊಟ ಆದಮೇಲೆ ಎರಡೂ ಕೈಗೆ ನೀಲಿ ಬಣ್ಣ ಬಳಿದುಕೊಂಡೆ. ದಿನಾ ತೆಗೆಯುವ ಹಾಗೇ ಬೆರಳ ತುದಿ ಹಿಡಿದು ಎಳೆದೆ. ಟಪ್ ಅಂತ ಬಂತು. ಮಣಿಕಟ್ಟಿನ ಮೇಲೆ ಒಂದು ನೀಲಿ ಗೆರೆ, ಅಂಗಿಯ ಮೇಲೆ ಮೂರು ಚುಕ್ಕೆ, ಗಲ್ಲದ ಮೇಲೆ ಒಂದು. ಮಗಳು ಬಿದ್ದೂ ಬಿದ್ದೂ ನಕ್ಕಳು. ನನಗೆ ನಗು ಬರಲಿಲ್ಲ. ಎಂಟು ಹತ್ತು ದಿನದಿಂದ ಇದನ್ನೇ ಮಾಡಿಕೊಂಡು, ಆ ಕೈಯಲ್ಲೇ ಅವಳ ಜಡೆ ಹಾಕಿದ್ದೆ. ಸರಿಯಾದ ದಾರಿ ಇದು: ಒಂದು ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಗಿನಿಂದ ಚಿವುಟಿ ಹಿಡಿದು, ಒಳಮೈ ಹೊರಗೆ ಬರುವ ಹಾಗೆ ಮಗುಚಿ ತೆಗೆದು, ಇನ್ನೊಂದು ಕೈಯ ಮುಷ್ಟಿಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಬರಿಗೈ ಬೆರಳನ್ನು ಉಳಿದ ಗ್ಲೌಸಿನ ಒಳಗೆ ತೂರಿಸಿ ಅದನ್ನೂ ಮಗುಚಬೇಕು. ಮೊದಲನೆಯದು ಎರಡನೆಯದರ ಹೊಟ್ಟೆಯೊಳಗೆ ಸೇರಿ ಒಂದು ಉಂಡೆಯಾಗುತ್ತದೆ. ಆರನೇ ಸಲಕ್ಕೆ ಬಣ್ಣ ಅಂಟಲಿಲ್ಲ. ಆದರೂ ತೆಗೆದ ಮೇಲೆ ಕೈ ತೊಳೆಯುತ್ತೇನೆ. ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು.

ಗ್ಲೌಸ್ ವಿಷಯದಲ್ಲಿ ಇನ್ನೂ ಒಂದು ಮಾತು ಇದೆ. ಆಸ್ಪತ್ರೆಯಿಂದ ಬಂದಾಗಿನಿಂದ ನಾನು ಅಪ್ಪನ ಕೋಣೆಗೆ ಹೋದರೆ ಗ್ಲೌಸ್ ಹಾಕಿಕೊಂಡೇ ಹೋಗುತ್ತಿದ್ದೆ. ತಲೆ ಬಾಚಲು ಗ್ಲೌಸ್, ನೀರು ಕುಡಿಸಲು ಗ್ಲೌಸ್. ಒಂದು ರಾತ್ರಿ ಅವರಿಗೆ ನೋವು ಜಾಸ್ತಿಯಾಗಿ ಕೈ ಹಿಡಿದು ಕೂತಿದ್ದೆ. ಅವರು ನನ್ನ ಕೈಯನ್ನು ತಿರುಗಿಸಿ ನೋಡಿ, "ಇದೇನೋ ಪ್ಲಾಸ್ಟಿಕ್ ಕೈ" ಅಂದರು. ತಮಾಷೆ ಮಾಡುವವರ ಹಾಗೆ ಹೇಳಿದರೂ ಕೈ ಬಿಟ್ಟುಬಿಟ್ಟರು. ಸಿಸ್ಟರನ್ನು ಕೇಳಿದೆ. ರಕ್ತ, ಮೂತ್ರ, ಮಲ, ಕೀವು, ವಾಂತಿ, ಗಾಯ, ಇವನ್ನು ಮುಟ್ಟುವಾಗ ಗ್ಲೌಸ್ ಬೇಕು. ಕೈ ಹಿಡಿಯೋಕೆ, ತಲೆ ಸವರೋಕೆ ತೊಳೆದ ಕೈ ಸಾಕು. ಗ್ಲೌಸ್ ಹಾಕಿಕೊಂಡಿದ್ದೀನಿ ಅನ್ನೋ ಧೈರ್ಯದಲ್ಲಿ ಕೈ ತೊಳೆಯೋದು ಕಡಿಮೆ ಆಗುತ್ತೆ ನೋಡಿ, ಅದೇ ತೊಂದರೆ ಅಂದರು. ನನ್ನ ಕಥೆ ಅದೇ ಆಗಿತ್ತು.

ಅವರು ಕೇಳಿದ ಎರಡನೇ ಪ್ರಶ್ನೆ ಇನ್ನೂ ಮುಜುಗರದ್ದು. "ತಾತನ ಕೈ ಯಾರು ತೊಳೀತಾರೆ?" ಯಾರೂ ಇಲ್ಲ! ನಾವೆಲ್ಲ ನಮ್ಮ ಕೈ ತೊಳೆದಿದ್ದೇ ತೊಳೆದಿದ್ದು. ಮಂಚದ ಮೇಲಿರುವ ಮನುಷ್ಯ ಪೈಪ್ ಸರಿಮಾಡಿಕೊಳ್ಳುತ್ತಾರೆ, ಡ್ರೆಸ್ಸಿಂಗ್ ಕೆರೆದುಕೊಳ್ಳುತ್ತಾರೆ, ಕಮೋಡ್ ಕುರ್ಚಿಯ ಹಿಡಿ ಹಿಡಿಯುತ್ತಾರೆ, ಅದೇ ಕೈಯಲ್ಲಿ ತಿನ್ನುತ್ತಾರೆ. ಅವತ್ತಿನಿಂದ ಊಟಕ್ಕೆ ಮುಂಚೆ ಬೇಸಿನ್, ಸೋಪು, ಒಂದು ಮಗ್ ನೀರು ಮಂಚದ ಹತ್ತಿರಕ್ಕೇ ಬರತೊಡಗಿತು. ಅಪ್ಪ ಗಟ್ಟಿಯಾಗಿ ಇಪ್ಪತ್ತರವರೆಗೆ ಎಣಿಸುತ್ತಾ ತೊಳೆಯುತ್ತಿದ್ದರು. ಬೇಗ ಬೇಗ ಎಣಿಸಿ ಮೋಸ ಮಾಡುತ್ತಾರೆ ಅಂತ ಮಗಳು ಗಡಿಯಾರ ಹಿಡಿದು ನಿಲ್ಲುತ್ತಿದ್ದಳು.

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರದೆ ಏನೇನೋ ಓದುತ್ತಿದ್ದೆ. 1847ರಲ್ಲಿ ವಿಯೆನ್ನಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಗಮನಿಸಿದ್ದೂ ಇದನ್ನೇ. ಹೆಣ ಕೊಯ್ದು ನೋಡಿದ ಕೈಯಲ್ಲೇ ಡಾಕ್ಟರುಗಳು ಬಂದು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದು ಒಳಗೆ ಬನ್ನಿ ಅಂತ ಅವರು ಕಟ್ಟುನಿಟ್ಟು ಮಾಡಿದ ಮೇಲೆ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಜೊತೆಗಿದ್ದ ಡಾಕ್ಟರುಗಳಲ್ಲಿ ಎಷ್ಟೋ ಜನಕ್ಕೆ ಇದು ಅವಮಾನ ಅನ್ನಿಸಿತಂತೆ. ನಮ್ಮ ಕೈ ಕೊಳಕಾ ಅಂತ. ಓದಿ ಸ್ವಲ್ಪ ಸಮಾಧಾನ ಆಯಿತು. ನನ್ನ ಜಾತಿಯವರು ಆಗಲೂ ಇದ್ದರು.

ಓದಿ ಮುಗಿಸಿ ಕೈಯಲ್ಲಿದ್ದ ಫೋನ್ ನೋಡಿದೆ. ಪರದೆ ತುಂಬ ಬೆರಳ ಗುರುತು. ಟಾಯ್ಲೆಟ್ಟಿಗೂ ಬರುತ್ತೆ, ಊಟಕ್ಕೂ ಬರುತ್ತೆ, ಅಪ್ಪನ ಹಾಸಿಗೆ ಮೇಲೂ ಬಿದ್ದಿರುತ್ತೆ. ಕೈ ತೊಳೆದು ಫೋನ್ ಮುಟ್ಟಿದರೆ ತೊಳೆದಿದ್ದು ಅಲ್ಲಿಗೇ ಮುಗಿಯಿತು. ಮಾರನೇ ದಿನದಿಂದ ಕೋಣೆ ಬಾಗಿಲಾಚೆ ಒಂದು ಬುಟ್ಟಿ ಇಟ್ಟೆವು. ಫೋನ್ ಅದರಲ್ಲಿ ಬಿಟ್ಟು ಒಳಗೆ. ನೆಲ ಒರೆಸೋದು ದಿನಕ್ಕೊಂದೇ ಸಲಕ್ಕೆ ಇಳಿಯಿತು. ಉಳಿದ ಸಮಯ ಬಾಗಿಲ ಹಿಡಿ, ಸ್ವಿಚ್ಚು, ಮಂಚದ ಕಂಬಿ, ಟಿವಿ ರಿಮೋಟು, ಕಮೋಡ್ ಕುರ್ಚಿಯ ಕೈಗಳಿಗೆ ಹೋಯಿತು.

ಹೊಲಿಗೆ ಗಾಯ ನನಗೆ ಅಷ್ಟೇನೂ ಕಾಟ ಕೊಡಲಿಲ್ಲ. ಡ್ರೆಸ್ಸಿಂಗ್ ಸಿಸ್ಟರೇ ಬದಲಾಯಿಸುತ್ತಿದ್ದರು. ಅದು ಒದ್ದೆಯಾಗದ ಹಾಗೆ ನೋಡಿಕೊಳ್ಳೋದು, ಸುತ್ತ ಕೆಂಪಾಗಿದೆಯಾ, ಬಿಸಿ ಇದೆಯಾ, ಕೀವು ಇದೆಯಾ, ವಾಸನೆ ಇದೆಯಾ ಅಂತ ದಿನಾ ನೋಡೋದು, ಇಷ್ಟು ನನ್ನ ಕೆಲಸ. ಗಾಯದ ಕೆಲಸ ಮೊದಲು, ಪೈಪಿನ ಕೆಲಸ ಆಮೇಲೆ, ಕಮೋಡ್ ಕೊನೆಗೆ. ಚೊಕ್ಕಟದಿಂದ ಕೊಳಕಿನ ಕಡೆಗೆ ಹೋಗಬೇಕೇ ಹೊರತು ಉಲ್ಟಾ ಬರಬಾರದು. ಇನ್ಸುಲಿನ್ ಸೂಜಿಗಳನ್ನು ಕಸದ ಬುಟ್ಟಿಗೆ ಎಸೆಯುವುದು ನಿಲ್ಲಿಸಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಹಾಕತೊಡಗಿದೆವು. ಮುಕ್ಕಾಲು ತುಂಬಿದರೆ ಮುಚ್ಚಳ ಬಿಗಿದು ಆಸ್ಪತ್ರೆಗೆ ವಾಪಸ್. ನೆಂಟರ ವಿಷಯ ಕಷ್ಟವಾಗಿತ್ತು. ಕೆಮ್ಮಿಕೊಂಡು ಬರುವವರನ್ನು ಬಾಗಿಲಲ್ಲಿ ನಿಲ್ಲಿಸೋದು ಹೇಗೆ? ನನ್ನ ಹೆಂಡತಿ ಆ ಕೆಲಸ ವಹಿಸಿಕೊಂಡಳು. ನನಗಿಂತ ಅವಳಿಗೆ ಮುಲಾಜು ಕಡಿಮೆ. ನಾವಿಬ್ಬರೂ ಫ್ಲೂ ಲಸಿಕೆ ಹಾಕಿಸಿಕೊಂಡೆವು. ಅಪ್ಪನ ಕೋಣೆಯ ಕಿಟಕಿ ಹಗಲೆಲ್ಲ ತೆರೆದಿರುತ್ತಿತ್ತು.

ಎಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಮಗಳು ವಾಂತಿ ಮಾಡಿದಳು.

ರಾತ್ರಿ ಎರಡು ಗಂಟೆ. ಟಾಯ್ಲೆಟ್ಟಿಗೆ ಓಡುವಾಗ ತಡೆಯಲಾಗದೆ ಅಪ್ಪನ ಕೋಣೆ ಬಾಗಿಲಿನ ಮುಂದೆಯೇ. ಕ್ಲಾಸಿನಲ್ಲಿ ಆ ವಾರ ನಾಲ್ಕೈದು ಮಕ್ಕಳಿಗೆ ಹೀಗೇ ಆಗಿತ್ತಂತೆ, ಅದು ನಮಗೆ ಆಮೇಲೆ ಗೊತ್ತಾಯಿತು. ನಾನು ಅಭ್ಯಾಸಬಲದಿಂದ ಸ್ಯಾನಿಟೈಸರ್ ಬಾಟಲಿ ಎತ್ತಿಕೊಂಡೆ. ಹೆಂಡತಿ ಹಿಂದಿನಿಂದ, "ರೀ, ಅದು ವಾಂತಿ-ಭೇದಿ ವೈರಸ್ಸಿಗೆ ಆಗಲ್ಲ ಅಂತ ಸಿಸ್ಟರ್ ಹೇಳಿದ್ರಲ್ಲ" ಅಂದಳು. ಹೌದು, ಹೇಳಿದ್ದರು. ನೊರೊವೈರಸ್ ಅಂತ ಒಂದು. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ವಾಂತಿ-ಭೇದಿ ತರುತ್ತದೆ. ಆಲ್ಕೋಹಾಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಕೈಗೆ ಸೋಪು ನೀರು, ನೆಲಕ್ಕೆ ಬ್ಲೀಚ್, ಇವೆರಡೇ ನಂಬಿಕೆಯವು. ಬೆರಳೆಣಿಕೆಯಷ್ಟು ಕಣ ಹೊಟ್ಟೆಗೆ ಹೋದರೂ ಸಾಕು ಕಾಯಿಲೆ ಬರಲು. ಮಗಳಿಗೆ ಬಂದಿದ್ದು ಅದೇನಾ ಅಂತ ಯಾರೂ ಟೆಸ್ಟ್ ಮಾಡಲಿಲ್ಲ. ಅದೇ ಅಂದುಕೊಂಡು ನಡೆದೆವು.

ಅಲ್ಲೇ ನಿಂತು ಒಂದು ನಿಮಿಷದಲ್ಲಿ ಪಾಲು ಹಂಚಿಕೊಂಡೆವು. ವಾಂತಿ ಮತ್ತು ಮಗಳು ನನಗೆ. ಅಪ್ಪ ಮತ್ತು ಅಡುಗೆ ಅವಳಿಗೆ. ಇನ್ನು ನಾನು ಅಪ್ಪನ ಕೋಣೆಗೆ ಹೋಗುವಂತಿಲ್ಲ, ಅವಳು ಮಗಳನ್ನು ಎತ್ತಿಕೊಳ್ಳುವಂತಿಲ್ಲ. ಮಗಳು ಅಮ್ಮ ಬೇಕು ಅಂತ ಅಳುತ್ತಿದ್ದಳು. ಹೆಂಡತಿ ನಾಲ್ಕು ಹೆಜ್ಜೆ ದೂರ ನಿಂತು, "ಪುಟ್ಟಿ, ಅಪ್ಪ ಇದಾರಲ್ಲ" ಅನ್ನುತ್ತಿದ್ದಳು. ಆ ನಾಲ್ಕು ಹೆಜ್ಜೆಯಷ್ಟು ಕಷ್ಟ ಇಡೀ ಎರಡು ತಿಂಗಳಲ್ಲಿ ಬೇರೆ ಯಾವುದೂ ಆಗಲಿಲ್ಲ.

ಮಾಸ್ಕ್, ಗ್ಲೌಸ್ ಹಾಕಿಕೊಂಡು ಪೇಪರ್ ಟವೆಲ್ಲಿನಿಂದ ವಾಂತಿಯನ್ನು ಅಂಚಿನಿಂದ ನಡುವಿನ ಕಡೆಗೆ ಬಳಿದು ಕವರಿಗೆ ಹಾಕಿ ಗಂಟು ಕಟ್ಟಿದೆ. ಆಮೇಲೆ ಸೋಪು ನೀರು. ಕೊಳೆ ಹಾಗೇ ಇದ್ದರೆ ಬ್ಲೀಚ್ ಅದರ ಮೇಲೇ ಖರ್ಚಾಗಿ ಹೋಗುತ್ತದೆ, ಅದಕ್ಕೇ ಮೊದಲು ತೊಳೆಯಬೇಕು. ಬ್ಲೀಚ್ ಬಾಟಲಿಯ ಮೇಲೆ ಶೇ. 5 ಅಂತ ಇತ್ತು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಹಾಕಿದರೆ ಶೇ. 0.5 ಆಗುತ್ತದೆ, ವಾಂತಿ ಬಿದ್ದ ಜಾಗಕ್ಕೆ ಅದು. ಹಿಡಿ, ಸ್ವಿಚ್ಚುಗಳಿಗೆ ಒಂದು ಪಾಲಿಗೆ 49 ಪಾಲು ನೀರು, ಶೇ. 0.1. ತಣ್ಣೀರೇ ಆಗಬೇಕು, ಬಿಸಿನೀರಿನಲ್ಲಿ ಅದರ ಶಕ್ತಿ ಹೋಗುತ್ತದೆ. ಆಯಾ ದಿನದ್ದು ಆಯಾ ದಿನ ಕಲೆಸಬೇಕು. ವಾಂತಿ ಹಾರುವಾಗ ಕಣ್ಣಿಗೆ ಕಾಣದ ಹನಿಗಳು ದೂರ ಹೋಗಿರುತ್ತವೆ ಅಂತ, ಕಂಡ ಜಾಗಕ್ಕಿಂತ ಸುತ್ತ ಎರಡು ಮೀಟರ್ ಜಾಸ್ತಿಯೇ ಒರೆಸಿದೆ. ಹತ್ತು ನಿಮಿಷ ಒದ್ದೆಯಾಗಿ ಬಿಟ್ಟೆ. ಈ ಹತ್ತು ನಿಮಿಷ ನನಗೆ ಹೊಸದು. ಹಾಕಿದ ತಕ್ಷಣ ಒರೆಸಿಬಿಟ್ಟರೆ ಘಾಟು ಮಾತ್ರ ಉಳಿಯುತ್ತದೆ, ಕೆಲಸ ಆಗಿರುವುದಿಲ್ಲ.

ನಡುವೆ ಒಂದು ದೊಡ್ಡ ಎಡವಟ್ಟು ತಪ್ಪಿತು. ಟಾಯ್ಲೆಟ್ ತೊಳೆಯಲು ಹೋದವನು ಮಂಪರಿನಲ್ಲಿ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಹಾಕಿ, ಅದರ ಮೇಲೇ ಬ್ಲೀಚ್ ಸುರಿಯಲು ಮಗ್ ಎತ್ತಿದ್ದೆ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಆ ಸಣ್ಣ ಬಚ್ಚಲಲ್ಲಿ, ಬಾಗಿಲು ಮುಚ್ಚಿಕೊಂಡು. ಬಾಟಲಿ ಕಣ್ಣಿಗೆ ಬಿದ್ದು ಕೈ ನಿಂತಿತು. ಎದೆ ಡವಡವ ಅಂತಿತ್ತು. ಎರಡು ಬಾಟಲಿಗಳೂ ಅಕ್ಕಪಕ್ಕ ಇರುತ್ತಿದ್ದವು. ಈಗ ಒಂದು ಬಚ್ಚಲಲ್ಲಿ, ಇನ್ನೊಂದು ಅಟ್ಟದ ಮೇಲೆ.

ಬಟ್ಟೆಗಳನ್ನು ಕೊಡವದೆ, ಕೊಳೆ ಒಳಗೆ ಹೋಗುವ ಹಾಗೆ ಸುರುಳಿ ಸುತ್ತಿ, ಮೈಗೆ ತಾಗದ ಹಾಗೆ ಒಯ್ದು ಮೆಷಿನ್ನಿಗೆ ಹಾಕಿದೆ. 60 ಡಿಗ್ರಿ ನೀರು. ಟಾಯ್ಲೆಟ್ ಒಂದೇ ಇದ್ದದ್ದರಿಂದ ಮುಚ್ಚಳ ಹಾಕಿ ಫ್ಲಶ್ ಮಾಡುವುದು, ಪ್ರತಿ ಸಲ ಸೀಟು, ಹಿಡಿ, ನಲ್ಲಿ ಒರೆಸುವುದು. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದಾಗ ಮಗಳಿಗೆ ಆಂಟಿಬಯಾಟಿಕ್ ಬೇಡ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ, ಮೂತ್ರ ಹೋಗುತ್ತಿದೆಯಾ ನೋಡಿ ಅಂದರು. ಎರಡು ದಿನಕ್ಕೆ ಅವಳು ಕುಣಿಯತೊಡಗಿದಳು.

ಆ ಹೊತ್ತಿಗೆ ನಾನು ಮಲಗಿದ್ದೆ. ವಾಂತಿ ಬಳಿದು ಸರಿಯಾಗಿ ಒಂದೂವರೆ ದಿನಕ್ಕೆ ನನಗೂ ಶುರು. ಎಲ್ಲ ಸರಿಯಾಗೇ ಮಾಡಿದ್ದೆನಲ್ಲ ಅಂತ ಮಲಗಿಕೊಂಡೇ ಲೆಕ್ಕ ಹಾಕಿದೆ. ನೆನಪಾಯಿತು. ಮೊದಲ ಐದು ನಿಮಿಷ, ಮಾಸ್ಕು ಗ್ಲೌಸು ಹುಡುಕುವುದಕ್ಕೆ ಮುಂಚೆ, ಮಗಳನ್ನು ಹಾಗೇ ತಬ್ಬಿ ಎತ್ತಿಕೊಂಡಿದ್ದೆ. ಅವಳ ಬಾಯಿ ನನ್ನ ಅಂಗೈಯಿಂದಲೇ ಒರೆಸಿದ್ದೆ. ಮತ್ತೆ ಹಾಗೇ ಆದರೂ ಹಾಗೇ ಮಾಡುತ್ತೇನೆ ಅನ್ನಿಸುತ್ತದೆ.

ಅಕ್ಕ ಬಂದು ಅಪ್ಪನ ಕೋಣೆ ವಹಿಸಿಕೊಂಡಳು. ನನಗೆ ವಾಂತಿ-ಭೇದಿ ಪೂರ್ತಿ ನಿಂತು 48 ಗಂಟೆ ಆಗುವವರೆಗೂ ಅಡುಗೆ ಮನೆಗೂ ಅಪ್ಪನ ಹತ್ತಿರಕ್ಕೂ ಹೋಗಲಿಲ್ಲ. ಅದಾದ ಮೇಲೂ ಎರಡು ವಾರ ಕೈ ತೊಳೆಯುವುದರಲ್ಲಿ ಎಳ್ಳಷ್ಟೂ ಸಡಿಲ ಬಿಡಲಿಲ್ಲ. ಚೆನ್ನಾದ ಮೇಲೂ ಮಲದಲ್ಲಿ ವೈರಸ್ ಎರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಹೋಗುತ್ತಿರುತ್ತದೆ. ಬಾಗಿಲಾಚೆಯಿಂದಲೇ ಅಪ್ಪನ ಜೊತೆ ಮಾತು. "ನೀನು ಒಳಗೆ ಬರಬೇಡ, ಅಲ್ಲಿಂದಲೇ ಪೇಪರ್ ಓದು" ಅಂತ ಅವರೇ ಗದರುತ್ತಿದ್ದರು.

ಅಪ್ಪನಿಗೆ ಏನೂ ಆಗಲಿಲ್ಲ. ನಮ್ಮ ಪಾಲು ಹಂಚಿಕೆಯಿಂದಲೋ ಸುಮ್ನೆ ಅದೃಷ್ಟವೋ, ಹೇಳೋಕೆ ಬರಲ್ಲ.

ಪ್ರತಿ ಸಲ ಡಾಕ್ಟರ ಹತ್ತಿರ ಹೋದಾಗಲೂ ಆ ಪ್ರಶ್ನೆ ಕೇಳುತ್ತಲೇ ಇದ್ದೆ. ಈ ಪೈಪ್ ಇನ್ನೂ ಬೇಕಾ? ಮೂರನೇ ಸಲ ಅವರು, "ತೆಗೆದು ನೋಡೋಣ" ಅಂದರು. ಬೆಳಿಗ್ಗೆ ತೆಗೆದರು. ಮಧ್ಯಾಹ್ನದವರೆಗೆ ಅಪ್ಪನಿಗೆ ನೀರು ಕುಡಿಸಿ, ಎಲ್ಲರೂ ಗಡಿಯಾರ ನೋಡುತ್ತಾ ಕೂತೆವು. ಮೂತ್ರ ಬರದಿದ್ದರೆ ಮತ್ತೆ ಪೈಪ್. ಬಂತು. ಆಸ್ಪತ್ರೆಯವರು ಸ್ಕ್ಯಾನ್ ಮಾಡಿ, ಒಳಗೆ ಜಾಸ್ತಿ ಉಳಿದಿಲ್ಲ ಅಂತ ಹೇಳಿ ಮನೆಗೆ ಕಳಿಸಿದರು.

ಸಂಜೆ ವಾಕರ್ ಹಿಡಿದು ತಾವೇ ಬಚ್ಚಲಿಗೆ ಹೋದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಜಾರಿದರೆ ಹಿಡಿಯಲು. ನಲ್ಲಿ ಬಿಟ್ಟ ಸದ್ದು. ಸೋಪು. ಎಣಿಕೆ ಶುರುವಾಯಿತು. ಹನ್ನೆರಡು, ಹದಿಮೂರು, ಹದಿನಾಲ್ಕು, ನಲ್ಲಿ ನಿಂತಿತು.

"ಅಪ್ಪಾ, ಇನ್ನೂ ಆರಿದೆ."

ಒಳಗಿನಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಲ್ಲಿ ಮತ್ತೆ ತಿರುಗಿತು. "ಹದಿನೈದು" ಅಂದರು, ಬೇಕಂತಲೇ ನಿಧಾನವಾಗಿ.